ಎಲ್ಲರೂ ಒಳಗೆ ಬನ್ನಿ, ಐಡಿ ಕಾರ್ಡ್ ತೋರಿಸಿ

ಬೆಂಗಳೂರಿನ ಟೆಕ್ ಪಾರ್ಕುಗಳಿಗೆ ಅವುಗಳದೇ ಒಂದು ಪಂಚಾಂಗವಿದೆ. ಅದರಲ್ಲಿ ಮಾರ್ಚ್ 8 ಹೆಂಗಸರ ದಿನ. ಬಾಗಿಲಲ್ಲೇ ಒಂದು ಗುಲಾಬಿ, ಒಂದು ಚಾಕೊಲೇಟು, ಮಧ್ಯಾಹ್ನ ರಂಗೋಲಿ ಸ್ಪರ್ಧೆ, ಮೂರು ಗಂಟೆಗೆ ‘ಮಹಿಳಾ ನಾಯಕತ್ವದ ಸವಾಲುಗಳು’ ಕುರಿತು ಉಪಾಧ್ಯಕ್ಷ ಮಹಾಶಯರ ಭಾಷಣ. ಜೂನ್ ಬಂದರೆ ಕಂಪನಿಯ ಲೋಗೋಗೆ ಕಾಮನಬಿಲ್ಲಿನ ಬಣ್ಣ ಏರುತ್ತದೆ. ಅದೇ ಕಂಪನಿಯ ಕೊಲ್ಲಿ ದೇಶಗಳ ಪುಟ ತೆರೆದು ನೋಡಿ, ಅಲ್ಲಿ ಜೂನ್ ತಿಂಗಳು ಥೇಟ್ ಮೇ ತಿಂಗಳಿನ ಹಾಗೇ ಇರುತ್ತದೆ. ನವೆಂಬರ್ 1ಕ್ಕೆ ಹಳದಿ-ಕೆಂಪು ಶಲ್ಯ, ಕಾರಿಡಾರಿನಲ್ಲಿ ಡೊಳ್ಳು ಕುಣಿತ, ‘ಕನ್ನಡ ಗೊತ್ತಿಲ್ಲ’ ಅನ್ನುವುದನ್ನು ಸ್ಪಷ್ಟ ಉಚ್ಚಾರದಲ್ಲಿ ಹೇಳಿದವರಿಗೆ ಬಹುಮಾನ. ಡಿಸೆಂಬರ್ 3 ಅಂಗವಿಕಲರ ದಿನ. ಗಾಲಿಕುರ್ಚಿಯಲ್ಲಿ ಬರುವ ಅತಿಥಿಯಿಂದ ಸ್ಫೂರ್ತಿದಾಯಕ ಉಪನ್ಯಾಸ. ವೇದಿಕೆಗೆ ನಾಲ್ಕು ಮೆಟ್ಟಿಲು. ನಾಲ್ಕು ಜನ ಸೇರಿ ಅತಿಥಿಯನ್ನು ಕುರ್ಚಿ ಸಮೇತ ಎತ್ತುತ್ತಾರೆ, ಐದನೆಯವನು ಫೋಟೋ ಹೊಡೆದು ‘ಟೀಮ್ ವರ್ಕ್’ ಅಂತ ಲಿಂಕ್ಡ್‌ಇನ್‌ಗೆ ಏರಿಸುತ್ತಾನೆ. ಇಳಿಜಾರು ಕಟ್ಟಿಸಿದ್ದರೆ ಆ ಫೋಟೋ ಸಿಗುತ್ತಿತ್ತೇ?

ಮಿಕ್ಕ ದಿನಗಳಲ್ಲಿ ಮಾಮೂಲಿ ಕೆಲಸ ನಡೆಯುತ್ತದೆ.

ಮಾಮೂಲಿ ಕೆಲಸದ ನಡುವೆಯೂ ನಾಯಕರನ್ನು ಬೆಳೆಸಬೇಕಲ್ಲ, ಅದಕ್ಕೊಂದು ಆನ್‌ಲೈನ್ ಪಾಠ ಬರುತ್ತದೆ. ನಮಗೇ ಗೊತ್ತಿಲ್ಲದೆ ನಮ್ಮೊಳಗೆ ಕೂತಿರುವ ಪೂರ್ವಗ್ರಹಗಳನ್ನು ಕಿತ್ತೊಗೆಯುವ ಪಾಠ. ಮ್ಯಾನೇಜರುಗಳಿಗೆ ಕಡ್ಡಾಯ. ಅದರಲ್ಲಿ ಬರುವವರೆಲ್ಲ ನೀಲಿ ಚರ್ಮದ, ಮೂಗಿಲ್ಲದ ಕಾರ್ಟೂನು ಮನುಷ್ಯರು. ಯಾವ ದೇಶದವರು, ಯಾವ ಜಾತಿಯವರು ಅಂತ ಹೇಳಲಾಗದಂತೆ ಬಹಳ ಕಾಳಜಿಯಿಂದ ಬರೆದಿರುತ್ತಾರೆ. ವಿಡಿಯೋ ಮುಗಿಯುವವರೆಗೆ ‘ಮುಂದೆ’ ಗುಂಡಿ ಬೆಳಗುವುದಿಲ್ಲ. ಹಾಗಾಗಿ ಅದನ್ನು ಇನ್ನೊಂದು ವಿಂಡೋದಲ್ಲಿ ಮೂಕವಾಗಿ ಓಡಲು ಬಿಟ್ಟು ಈ ಕಡೆ ಎಕ್ಸೆಲ್ ಶೀಟು ತುಂಬುವುದು ರೂಢಿ. ಕೊನೆಗೆ ಪರೀಕ್ಷೆ: ‘ನಿಮ್ಮ ತಂಡದ ಅತ್ಯುತ್ತಮ ಕೆಲಸಗಾರ್ತಿ ಗರ್ಭಿಣಿ. ಅವರಿಗೆ ಬಡ್ತಿ ಕೊಡುವಿರಾ?’ ಉತ್ತರ ಅ: ಅರ್ಹತೆ ಇದ್ದರೆ ಖಂಡಿತ. ಉತ್ತರ ಆ: ಇಲ್ಲ, ಹೇಗೂ ರಜೆ ಹೋಗುತ್ತಾರೆ. ಇದುವರೆಗೆ ಯಾರೂ ಆ ಅಂತ ಗುರುತು ಹಾಕಿದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ನೂರಕ್ಕೆ ನೂರು, ಎಲ್ಲರಿಗೂ ಬಣ್ಣದ ಪ್ರಮಾಣಪತ್ರ. ಏಪ್ರಿಲ್‌ನಲ್ಲಿ ಅಪ್ರೈಸಲ್ ಶುರುವಾದಾಗ ಅದೇ ನೂರಕ್ಕೆ ನೂರರವರು ಬಾಗಿಲು ಹಾಕಿಕೊಂಡು, ‘ಅವರ ಒಳ್ಳೇದಕ್ಕೇ ಹೇಳ್ತಿದೀನಿ, ಈ ವರ್ಷ ಬೇಡ ಬಿಡಿ. ಮಗು ಬೇರೆ ಚಿಕ್ಕದು’ ಅನ್ನುತ್ತಾರೆ. ಮಗು ಇನ್ನೂ ಹುಟ್ಟೇ ಇರುವುದಿಲ್ಲ.

2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು, 50 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆ ಶಿಶುವಿಹಾರ ಬೇಕೆಂದಿತು. ಒಳ್ಳೆಯ ಕಾನೂನು. ರಜೆಯ ಸಂಬಳ ಮಾತ್ರ ಪೂರ್ತಿ ಕಂಪನಿಯ ತಲೆಗೆ. ಅಂದಿನಿಂದ ಇಂಟರ್‌ವ್ಯೂ ಮಾಡುವವರಿಗೆ ಅಭ್ಯರ್ಥಿಗಳ ಸಂಸಾರದ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿಕೊಂಡಿದೆ. ‘ಮದುವೆ ಆಗಿ ಎಷ್ಟು ವರ್ಷ ಆಯ್ತಮ್ಮಾ?’ ಎಂದು ವಿಚಾರಿಸುತ್ತಾರೆ, ಥೇಟ್ ಸೋದರತ್ತೆಯ ದನಿಯಲ್ಲಿ. 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಂಪುಟ ವರ್ಷಕ್ಕೆ 12 ದಿನ ಮುಟ್ಟಿನ ರಜೆಗೂ ಒಪ್ಪಿಗೆ ಕೊಟ್ಟಿತು. ರಜೆಯ ಅರ್ಜಿಯಲ್ಲಿ ಕಾರಣ ಬರೆದರೆ ಅದು ಇಡೀ ತಂಡದ ಕ್ಯಾಲೆಂಡರಿನಲ್ಲಿ ಕಾಣುವ ಆಫೀಸೊಂದರಲ್ಲಿ ಹೆಣ್ಣುಮಕ್ಕಳು ಈಗಲೂ ‘ತಲೆನೋವು’ ಅಂತಲೇ ಬರೆಯುತ್ತಿದ್ದಾರೆ.

ಕೆಳಗಿನ ಮಹಡಿಗಳ ಕತೆ ಇಷ್ಟಾದರೆ ಮೇಲಿನದು ಇನ್ನೂ ಸೊಗಸು. 2013ರ ಕಂಪನಿ ಕಾಯ್ದೆ, ಷೇರುಪೇಟೆಯಲ್ಲಿರುವ ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕೆಂದಿತು. ಗಮನಿಸಿ, ಒಬ್ಬರು. ಷೇರುಪೇಟೆಯ ನಿಯಂತ್ರಕ ಸೆಬಿ ಮೊದಲು ಕೊಟ್ಟ ಗಡುವು 2014ರ ಅಕ್ಟೋಬರ್ 1. ಅಷ್ಟು ಬೇಗ ನೂರು ಕೋಟಿ ಜನರಿರುವ ದೇಶದಲ್ಲಿ ಹೆಂಗಸರನ್ನು ಎಲ್ಲಿಂದ ತರುವುದು ಅಂತ ಉದ್ಯಮ ಕೈಚೆಲ್ಲಿದ್ದಕ್ಕೆ ಗಡುವು 2015ರ ಏಪ್ರಿಲ್ 1ಕ್ಕೆ ಹೋಯಿತು. ಕೊನೆಯ ವಾರಗಳಲ್ಲಿ ದೇಶದಾದ್ಯಂತ ನಾಯಕತ್ವದ ಪ್ರತಿಭೆ ದಿಢೀರನೆ ಪತ್ತೆಯಾಗತೊಡಗಿತು, ಅದೂ ಬಹಳ ಕಡೆ ಮಾಲೀಕರ ಮನೆಯೊಳಗೇ. ಹೆಂಡತಿ, ಅತ್ತಿಗೆ, ಸೊಸೆ, ಮಗಳು. ಎಷ್ಟೋ ವರ್ಷ ಒಂದೇ ಟೇಬಲ್ಲಿನಲ್ಲಿ ಊಟ ಮಾಡಿದರೂ ಅಧ್ಯಕ್ಷರಿಗೆ ಹೊಳೆಯದಿದ್ದ ಪತ್ನಿಯ ವಾಣಿಜ್ಯ ದೂರದೃಷ್ಟಿ ಮಾರ್ಚ್ ಕೊನೆಯ ವಾರದಲ್ಲಿ ಹೊಳೆಯಿತು. ಅಷ್ಟರಲ್ಲೂ ಹೊಳೆಯದವರಿಗೆ ಸೆಬಿ ಆರಂಭದ ದಂಡ ಇಟ್ಟಿದ್ದು 50,000 ರೂಪಾಯಿ. ಮಂಡಳಿಯ ಒಂದು ಸಭೆಯ ಹೋಟೆಲ್ ಊಟಕ್ಕೆ ಅದಕ್ಕಿಂತ ಹೆಚ್ಚು ಆಗುತ್ತದೆ.

ಕೊನೆಗೆ ಸೆಬಿಯೇ ಸೋತು 2018ರಲ್ಲಿ ನಿಯಮ ತಿದ್ದಿತು: ದೊಡ್ಡ ಕಂಪನಿಗಳಲ್ಲಿ ಕನಿಷ್ಠ ಒಬ್ಬ ‘ಸ್ವತಂತ್ರ’ ಮಹಿಳಾ ನಿರ್ದೇಶಕಿ ಇರಬೇಕು. ಮೊದಲ 500 ಕಂಪನಿಗಳಿಗೆ 2019ರಿಂದ, ಮೊದಲ 1000ಕ್ಕೆ 2020ರಿಂದ.

ಈಗ ನಮ್ಮ ಹಳ್ಳಿಗಳ ಕಡೆ ತಿರುಗಿ. ಕರ್ನಾಟಕ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಕಾಲುಭಾಗ ಸ್ಥಾನ ಮೀಸಲಿಟ್ಟು 1987ರಲ್ಲೇ ಚುನಾವಣೆ ನಡೆಸಿತು. ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಇನ್ನೂ ಐದಾರು ವರ್ಷ ಇತ್ತು. ಈಗ ಅರ್ಧಕ್ಕರ್ಧ ಸ್ಥಾನ ಅವರದು. ನಗರದ ಬುದ್ಧಿವಂತರು ಇದನ್ನು ನೆನೆದಾಗಲೆಲ್ಲ ನಗುತ್ತಾರೆ: ‘ಅಯ್ಯೋ, ಸಹಿ ಹಾಕೋದು ಹೆಂಡ್ತಿ, ಆಡಳಿತ ನಡೆಸೋದು ಅಧ್ಯಕ್ಷೆಯ ಗಂಡ!’ ಇದ್ದದ್ದೇ, ಎಷ್ಟೋ ಕಡೆ ಹಾಗೇ ನಡೆಯಿತು. ಆದರೆ ಎರಡನೇ ಅವಧಿಗೆ ಗಂಡನನ್ನು ಪಂಚಾಯಿತಿ ಕಟ್ಟೆಯ ಹೊರಗೇ ಕೂರಿಸಿ ಪಿಡಿಒಗೆ ಬೆವರಿಳಿಸಿದವರೂ ಇದ್ದಾರೆ, ಊರಿಗೊಬ್ಬರಂತೆ ಸಿಗುತ್ತಾರೆ. ಅಧ್ಯಕ್ಷೆಯ ಗಂಡನನ್ನು ಕಂಡು ನಗುವ ಅದೇ ಬುದ್ಧಿವಂತರು ಅಧ್ಯಕ್ಷರ ಹೆಂಡತಿ ನಿರ್ದೇಶಕಿಯಾದರೆ ಮುಖಪುಟ ಸಂದರ್ಶನ ಮಾಡುತ್ತಾರೆ. ‘ಮನೆ, ಮಂಡಳಿ ಎರಡನ್ನೂ ಹೇಗೆ ಸಂಭಾಳಿಸುತ್ತೀರಿ ಮೇಡಂ?’

ಹೆಂಗಸರ ಲೆಕ್ಕಕ್ಕೆ ಕಾಲಂ ಆದರೂ ಇದೆ. ಸೆಬಿ ದೊಡ್ಡ ಕಂಪನಿಗಳಿಂದ ವರ್ಷಕ್ಕೊಮ್ಮೆ ಪಡೆಯುವ ಸುಸ್ಥಿರತೆಯ ವರದಿಯಲ್ಲಿ ಉದ್ಯೋಗಿಗಳ ಕೋಷ್ಟಕ ಇರುತ್ತದೆ: ಗಂಡಸರೆಷ್ಟು, ಹೆಂಗಸರೆಷ್ಟು, ಅಂಗವಿಕಲರೆಷ್ಟು. ಕಾರ್ಖಾನೆಯ ನೀರು ಎಷ್ಟು ಖರ್ಚಾಯಿತು, ಹೊಗೆ ಎಷ್ಟು ಬಿಟ್ಟಿರಿ, ಅದೂ ಇರುತ್ತದೆ. ಆ ಉದ್ಯೋಗಿ ಕೋಷ್ಟಕದಲ್ಲಿ ಜಾತಿಗೆ ಸಾಲಿಲ್ಲ. ಕೇಳಿದರೆ, ‘ಛೆ, ನಮ್ಮಲ್ಲಿ ಜಾತಿ-ಗೀತಿ ಯಾರು ಸಾರ್ ನೋಡ್ತಾರೆ, ಬರೀ ಮೆರಿಟ್’ ಅನ್ನುತ್ತಾರೆ.

ಹೌದಾ ಅಂತ ಒಂದು ಸಲ ಕೆಲವರು ಎಣಿಸಿ ನೋಡಿದ್ದರು. 2012ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಬಂದ ಅಧ್ಯಯನವದು. ದೇಶದ ಮುಂಚೂಣಿಯ ಸಾವಿರ ಕಂಪನಿಗಳ ನಿರ್ದೇಶಕರ ಅಡ್ಡಹೆಸರು ಹಿಡಿದು ಜಾತಿ ಗುರುತಿಸಿದಾಗ ನೂರಕ್ಕೆ ಸುಮಾರು 93 ಮಂದಿ ಮುಂದುವರಿದ ಜಾತಿಯವರು. ಅವರಲ್ಲೂ ಹೆಚ್ಚುಕಮ್ಮಿ ಎಲ್ಲರೂ ಎರಡೇ ಗುಂಪಿನವರು, ವೈಶ್ಯರು ಮತ್ತು ಬ್ರಾಹ್ಮಣರು. ಹಿಂದುಳಿದ ವರ್ಗದವರು 3.8, ಪರಿಶಿಷ್ಟ ಜಾತಿ-ಪಂಗಡದವರು ಎರಡೂ ಸೇರಿ 3.5. ಅದಕ್ಕೂ ಮುಂಚೆ, 2007ರಲ್ಲಿ, ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟ್‌ವೆಲ್ ಅದೇ ಪತ್ರಿಕೆಯಲ್ಲಿ ಇನ್ನೊಂದು ಪರೀಕ್ಷೆಯ ಫಲಿತಾಂಶ ಕೊಟ್ಟಿದ್ದರು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕೆಲಸದ ಜಾಹೀರಾತುಗಳಿಗೆ ಒಂದೇ ಓದು, ಒಂದೇ ಅನುಭವದ ಅರ್ಜಿಗಳನ್ನು ಹಾಕಿದ್ದರು. ಹೆಸರು ಮಾತ್ರ ಬೇರೆ ಬೇರೆ. ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಾಧ್ಯತೆಯ ಮೂರನೇ ಎರಡರಷ್ಟು ದಲಿತ ಹೆಸರಿಗೆ, ಮೂರನೇ ಒಂದರಷ್ಟು ಮುಸ್ಲಿಂ ಹೆಸರಿಗೆ. ಮೆರಿಟ್ಟು ಕಾಗದದ ಮೇಲೆ ಒಂದೇ ಇತ್ತು. ಹೆಸರು ಮಾತ್ರ ಕಾಗದದ ಮೊದಲ ಸಾಲಿನಲ್ಲಿತ್ತು.

ಈ ಅಡ್ಡಹೆಸರಿನ ವಿಧಾನ ಹಳೇ ಮೈಸೂರಿನಲ್ಲಿ ನಡೆಯುವುದಿಲ್ಲ. ನಮ್ಮದು ಇನಿಷಿಯಲ್ ಸಂಸ್ಕೃತಿ. ಎಚ್.ಕೆ. ಮಂಜುನಾಥ ಅಂದರೆ ಸೆಬಿ ಇರಲಿ, ಸಾಕ್ಷಾತ್ ಬ್ರಹ್ಮನಿಗೂ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಇಲ್ಲಿ ಸಂಶೋಧನೆ ಕ್ಯಾಂಟೀನಿನಲ್ಲೇ, ಬಾಯಿಂದಲೇ ಆಗಬೇಕು. ಹೊಸದಾಗಿ ಸೇರಿದವನ ಎದುರು ತಟ್ಟೆ ಇಟ್ಟುಕೊಂಡು ಕೂತರೆ ಸಾಕು.

‘ಯಾವೂರು?’

‘ತುಮಕೂರು ಕಡೆ ಸಾರ್.’

‘ತುಮಕೂರಲ್ಲಿ ಎಲ್ಲಿ?’

‘ಕುಣಿಗಲ್ ಹತ್ರ ಒಂದು ಹಳ್ಳಿ.’

‘ಓ. ಊರೊಳಗೇನಾ ಮನೆ?’

‘ಹೂಂ ಸಾರ್... ಅಲ್ಲೇ.’

‘ನಾನ್‌ವೆಜ್ ತಿಂತೀರಲ್ಲ? ಮನೇಲೂ ಮಾಡ್ತಾರಾ?’

‘ಮಾಡ್ತಾರೆ.’

‘ಮನೆ ದೇವ್ರು ಯಾವುದು?’

ಅಲ್ಲಿಗೆ ಮುಗಿಯಿತು. ಬಾಡಿಗೆ ಮನೆ ಹುಡುಕಿದ ಅನುಭವ ಇದ್ದವರಿಗೆ ಈ ಪ್ರಶ್ನಾವಳಿ ಬಾಯಿಪಾಠ ಇರುತ್ತದೆ. ಕೊನೆಯಲ್ಲಿ ‘ಸುಮ್ನೆ ಕೇಳ್ದೆ’ ಅನ್ನುವುದೂ ಕ್ರಮದ ಒಂದು ಭಾಗ. ಈ ‘ಸುಮ್ನೆ’ ಆಮೇಲೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಖಾಲಿ ಹುದ್ದೆಗೆ ಪರಿಚಯದವರನ್ನು ಸೂಚಿಸಿದರೆ ಕಂಪನಿ ಬಹುಮಾನ ಕೊಡುತ್ತದೆ. ನಮಗೆ ಪರಿಚಯ ಇರುವವರು ಯಾರು? ನಮ್ಮ ಬೀದಿಯವರು, ನಮ್ಮ ಕಾಲೇಜಿನವರು, ಮಠದ ಹಾಸ್ಟೆಲಿನಲ್ಲಿ ಜತೆಗಿದ್ದವರು, ಒಟ್ಟಿನಲ್ಲಿ ನಮ್ಮೋರು. ಹೀಗೆ ಒಬ್ಬರ ಹಿಂದೆ ಒಬ್ಬರು ಬಂದು ತಂಡ ತುಂಬಿದಾಗ ಅದಕ್ಕೆ ‘ಕಲ್ಚರ್ ಫಿಟ್’ ಅನ್ನುತ್ತಾರೆ. ಮೈಕ್ರೋವೇವ್ ಮೇಲೆ ‘ದಯವಿಟ್ಟು ಮೀನು, ಮಾಂಸ ಬಿಸಿ ಮಾಡಬೇಡಿ’ ಅನ್ನುವ ಚೀಟಿ ಅಂಟಿಸಿರುತ್ತಾರೆ, ಅದರ ಪಕ್ಕದಲ್ಲೇ ‘ಎಲ್ಲರಿಗೂ ಸೇರಿದ ಜಾಗ’ ಅನ್ನುವ ಪೋಸ್ಟರು. ಎರಡನ್ನೂ ಪ್ರಿಂಟ್ ತೆಗೆದದ್ದು ಒಂದೇ ಎಚ್ಚಾರ್ ವಿಭಾಗ.

ನಾಯಕರು ಇದನ್ನೆಲ್ಲ ಮೀರಿ ಬೆಳೆಯಬೇಕು ಅಂತ ಕಂಪನಿಗೂ ಅನ್ನಿಸುತ್ತದೆ. ಹಾಗನ್ನಿಸಿದಾಗ ಸಕಲೇಶಪುರದ ಕಡೆ ಒಂದು ರೆಸಾರ್ಟು ಬುಕ್ ಆಗುತ್ತದೆ. ಕಾಫಿ ತೋಟ, ಈಜುಕೊಳ, ರಾತ್ರಿ ಬೆಂಕಿ, ಹಗಲು ಆತ್ಮಾವಲೋಕನ. ಅಂಥದ್ದೊಂದು ಶಿಬಿರದಲ್ಲಿ ನಾನೂ ಇದ್ದೆ. ಕಾಲರಿಗೆ ಮೈಕು ಸಿಕ್ಕಿಸಿಕೊಂಡ ಕೋಚ್ ನಮ್ಮನ್ನೆಲ್ಲ ಹುಲ್ಲುಹಾಸಿನ ಮೇಲೆ ಒಂದೇ ಸಾಲಿನಲ್ಲಿ ನಿಲ್ಲಿಸಿ ಸುಣ್ಣದ ಗೆರೆ ಎಳೆಸಿದರು. ‘ನಿಮ್ಮ ತಂದೆತಾಯಿ ಕಾಲೇಜು ಓದಿದ್ದಾರಾ? ಒಂದು ಹೆಜ್ಜೆ ಮುಂದೆ. ಮನೆಯಲ್ಲಿ ಐವತ್ತಕ್ಕಿಂತ ಹೆಚ್ಚು ಪುಸ್ತಕ ಇದ್ದವಾ? ಒಂದು ಹೆಜ್ಜೆ ಮುಂದೆ. ನಿಮ್ಮ ಹೆಸರು ಕೇಳಿ ಯಾರಾದರೂ ಮನೆ ಖಾಲಿ ಇಲ್ಲ ಅಂದಿದ್ದಾರಾ? ಒಂದು ಹೆಜ್ಜೆ ಹಿಂದೆ.’

ಪ್ರಶ್ನೆಗಳು ಮುಗಿಯುವ ಹೊತ್ತಿಗೆ ನಮ್ಮ ನಿರ್ದೇಶಕರು ಈಜುಕೊಳದ ಅಂಚಿಗೆ ಮುಟ್ಟಿದ್ದರು. ಇನ್ನೊಂದು ಪ್ರಶ್ನೆ ಕೇಳಿದ್ದರೆ ನೀರಿಗೇ ಇಳಿಯಬೇಕಿತ್ತು. ಗೆದ್ದವರಿಗೆ ಏನಾದರೂ ಬಹುಮಾನ ಇದೆಯಾ ಅಂತ ಮುಂದಿನ ಸಾಲಿನಿಂದ ಒಂದು ದನಿ ಕೇಳಿತು. ಲಿಂಗಸುಗೂರು ಕಡೆಯ ಹುಡುಗನೊಬ್ಬ, ನಮ್ಮಲ್ಲೆಲ್ಲ ಒಳ್ಳೆಯ ಕೋಡ್ ಬರೆಯುವವನು, ಹಿಂದೆ ಸರಿಯುತ್ತ ಸರಿಯುತ್ತ ಬೋಗನ್‌ವಿಲ್ಲಾ ಮುಳ್ಳಿಗೆ ಬೆನ್ನು ತಾಗಿಸಿ ನಿಂತಿದ್ದ. ಟೀ ಕೊಡುವ ಹುಡುಗ ಮಾತ್ರ ಟ್ರೇ ಹಿಡಿದು ಎಲ್ಲ ಗೆರೆಗಳನ್ನೂ ತುಳಿದುಕೊಂಡು ಹಿಂದೆ ಮುಂದೆ ಓಡಾಡುತ್ತಿದ್ದ. ಅವನು ಎಲ್ಲಿ ನಿಲ್ಲಬೇಕು ಅಂತ ಯಾರೂ ಹೇಳಲಿಲ್ಲ.

ಕೋಚ್ ಮೆಲ್ಲಗೆ ಲಿಂಗಸುಗೂರಿನ ಹುಡುಗನ ಹತ್ತಿರ ಹೋದರು. ‘ನಿಮ್ಮ ಕತೆ ಹಂಚಿಕೊಳ್ಳುತ್ತೀರಾ? ಇದು ಸುರಕ್ಷಿತ ಜಾಗ.’ ಸುರಕ್ಷಿತ ಜಾಗದಲ್ಲಿ ಅವನ ರೇಟಿಂಗ್ ಬರೆಯುವ ಮೂವರೂ ಸುತ್ತ ನಿಂತಿದ್ದರು. ಅವನು ಹೇಳಿದ. ಬೇಸಿಗೆಯಲ್ಲಿ ಅಪ್ಪ-ಅವ್ವ ಗುಳೆ ಹೋದದ್ದು, ಸರ್ಕಾರಿ ಹಾಸ್ಟೆಲ್ಲು, ಸೀನಿಯರ್ ಕೊಟ್ಟ ಹಳೇ ಲ್ಯಾಪ್‌ಟಾಪು. ನಿರ್ದೇಶಕರ ಕಣ್ಣಲ್ಲಿ ನೀರು ಬಂತು. ಯಾರೋ ಟಿಶ್ಯೂ ಕೊಟ್ಟರು. ‘ಈ ದಿನ ನನ್ನನ್ನು ಬದಲಾಯಿಸಿತು’ ಅಂದರು. ರಾತ್ರಿ ಬೆಂಕಿಯ ಸುತ್ತ ಕೂತಾಗಲೂ ಅಂದರು. ಸೋಮವಾರ ಲಿಂಕ್ಡ್‌ಇನ್‌ನಲ್ಲಿ ಸಾಲಿಗೊಂದು ವಾಕ್ಯದಂತೆ ಉದ್ದಕ್ಕೆ ಬರೆದುಕೊಂಡರು: ನಾನು ಹೇಗೆ ಒಬ್ಬ ಯುವಕನ ಮಾತಿಗೆ ಕಿವಿಯಾದೆ, ಆ ಮೂಲಕ ಹೇಗೆ ಮಾಗಿದೆ ಅಂತ. ಸಾವಿರಾರು ಲೈಕು. ಅಪ್ರೈಸಲ್‌ನಲ್ಲಿ ಆ ಹುಡುಗನಿಗೆ ಬಡ್ತಿ ತಪ್ಪಿತು. ಕಾರಣದ ಜಾಗದಲ್ಲಿ ‘ಕೆಲಸ ಅತ್ಯುತ್ತಮ, ಎಕ್ಸಿಕ್ಯುಟಿವ್ ಪ್ರೆಸೆನ್ಸ್ ಸಾಲದು’ ಎಂದಿತ್ತು. ಅವನ ಕಷ್ಟದಿಂದ ಇನ್ನೊಬ್ಬರ ವ್ಯಕ್ತಿತ್ವ ವಿಕಸನ ಆದದ್ದಕ್ಕೆ ಅವನಿಗೇನಾದರೂ ಅಂಕ ಉಂಟೇ ಅಂತ ಕೇಳೋಣವೆಂದರೆ ಆ ಫಾರಂನಲ್ಲಿ ಜಾಗ ಇರಲಿಲ್ಲ.

ಇಷ್ಟಾದರೂ ಇತ್ತಲ್ಲ ಅಂತ ಸಮಾಧಾನ ಪಡುವ ಹೊತ್ತಿಗೆ ಅಮೆರಿಕದ ಗಾಳಿ ತಿರುಗಿತು. 2025ರ ಜನವರಿಯಲ್ಲಿ ಟ್ರಂಪ್ ಗದ್ದುಗೆ ಏರಿದ ಮೊದಲೆರಡು ದಿನಗಳಲ್ಲೇ ಸರ್ಕಾರದ ವೈವಿಧ್ಯ ಕಾರ್ಯಕ್ರಮಗಳಿಗೆ ಬೀಗ ಹಾಕಿಸಿದರು. ಸರ್ಕಾರಿ ಗುತ್ತಿಗೆ ಪಡೆಯುವ ಕಂಪನಿಗಳು ತಾರತಮ್ಯ ಮಾಡಕೂಡದೆಂದು ಲಿಂಡನ್ ಜಾನ್ಸನ್ 1965ರಲ್ಲಿ ಹೊರಡಿಸಿದ್ದ ಆದೇಶವೂ ಹೋಯಿತು. ವಾಲ್‌ಮಾರ್ಟ್ ಅದಕ್ಕೂ ಮುಂಚೆಯೇ, ಚುನಾವಣೆ ಮುಗಿದ ತಿಂಗಳಲ್ಲೇ ಹಿಂದೆ ಸರಿದಿತ್ತು. ಮೆಟಾ, ಅಮೆಜಾನ್, ಗೂಗಲ್ ಸಾಲಾಗಿ ಹಿಂಬಾಲಿಸಿದವು. ಅಲ್ಲಿ ಸೀನಿದರೆ ಹೊರವರ್ತುಲ ರಸ್ತೆಯಲ್ಲಿ ನೆಗಡಿ ಆಗಲೇಬೇಕು. ನಮ್ಮ ಕಾನೂನು ಯಾವುದೂ ಬದಲಾಗಿರಲಿಲ್ಲ. ಆದರೂ ವೈವಿಧ್ಯದ ಮುಖ್ಯಸ್ಥೆಯ ಹುದ್ದೆ ರಾತ್ರೋರಾತ್ರಿ ‘ಸಂಸ್ಕೃತಿ ಮತ್ತು ಅನುಭವ’ದ ಮುಖ್ಯಸ್ಥೆ ಅಂತಾಯಿತು. ನಿನ್ನೆವರೆಗೆ ‘ಇದು ನಮ್ಮ ರಕ್ತದಲ್ಲೇ ಇದೆ’ ಅನ್ನುತ್ತಿದ್ದರು. ತಲೆಕಚೇರಿಯ ಒಂದೇ ಇಮೇಲ್‌ಗೆ ರಕ್ತವೂ ಬದಲಾಯಿತು.

ತಮಾಷೆಯೆಂದರೆ ನಮ್ಮ ಉದ್ಯಮ ವೈವಿಧ್ಯದ ಹೆಸರೆತ್ತಿ ನಿಜವಾಗಿ ಬೆಚ್ಚಿಬಿದ್ದದ್ದು ಒಮ್ಮೆ ಮಾತ್ರ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಯಲ್ಲಿ ಶೇಕಡಾ 50, ಉಳಿದದ್ದರಲ್ಲಿ 70 ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಮಸೂದೆಯನ್ನು ಆತುರದಲ್ಲಿ ಹೊಸೆದಿದ್ದರು, ಕೋರ್ಟಿನಲ್ಲಿ ನಿಲ್ಲುತ್ತಿತ್ತೋ ಇಲ್ಲವೋ ಎಂಬ ಅನುಮಾನ ನನಗೂ ಇತ್ತು. ಆದರೆ ಆ ಎರಡು ದಿನ ನಡೆದ ರಂಪ ನೋಡಬೇಕಿತ್ತು. ಐಟಿ ಕಂಪನಿಗಳ ಸಂಘ ನಾಸ್ಕಾಂ ಕಳವಳಪಟ್ಟಿತು, ಆಂಧ್ರದ ಮಂತ್ರಿ ‘ನಮ್ಮಲ್ಲಿಗೆ ಬನ್ನಿ’ ಅಂತ ಕೈಬೀಸಿದರು, ಮಸೂದೆ ಅಟ್ಟ ಸೇರಿತು. ‘ಎಲ್ಲರನ್ನೂ ಒಳಗೊಳ್ಳಿ’ ಅಂತ ವರ್ಷವಿಡೀ ಪೋಸ್ಟರು ಹಚ್ಚುವವರು ‘ಊರಿನವರನ್ನೂ’ ಅಂದ ಕೂಡಲೇ ಪ್ರತಿಭೆಯ ಪ್ರಶ್ನೆ ಎತ್ತಿದರು. 1980ರ ದಶಕದಲ್ಲಿ ಸ್ಥಳೀಯರ ಉದ್ಯೋಗದ ಬಗ್ಗೆ 58 ಶಿಫಾರಸು ಬರೆದುಕೊಟ್ಟ ಸರೋಜಿನಿ ಮಹಿಷಿಯವರ ವರದಿಗೂ ಪ್ರತಿ ನವೆಂಬರ್ ಒಂದರಂದು ಹಾರ ಬೀಳುವುದು ಬಿಟ್ಟರೆ ಬೇರೇನೂ ಬಿದ್ದಂತಿಲ್ಲ.

ಹಾಗಂತ ಕಟ್ಟಡದೊಳಗೆ ವೈವಿಧ್ಯವೇ ಇಲ್ಲ ಅನ್ನಲಾಗದು. ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿ. ಅಸ್ಸಾಮಿನ ಸೆಕ್ಯುರಿಟಿ, ಒಡಿಶಾದ ಅಡುಗೆಯವನು, ಮಂಡ್ಯದ ಕ್ಯಾಬ್ ಡ್ರೈವರು, ರಾಯಚೂರಿನ ಹೌಸ್‌ಕೀಪಿಂಗ್ ಅಕ್ಕ, ಆಕೆಯ ತಮಿಳು ಮಾತಾಡುವ ಗೆಳತಿ. ಇಡೀ ಸಂವಿಧಾನವೇ ಯೂನಿಫಾರಂ ಹಾಕಿಕೊಂಡು ಸರ್ವಿಸ್ ಲಿಫ್ಟಿನಲ್ಲಿ ಹತ್ತುತ್ತಿರುತ್ತದೆ. ಅವರನ್ನು ಯಾಕೆ ಕಂಪನಿ ವೈವಿಧ್ಯದ ಸ್ಲೈಡಿಗೆ ಸೇರಿಸುವುದಿಲ್ಲ? ಅವರು ಏಜೆನ್ಸಿಯವರು. ನಮ್ಮ ಮಹಡಿಯ ಅಕ್ಕ ನನಗಿಂತ ಹಳಬರು. ಮೂರು ಏಜೆನ್ಸಿ ಬದಲಾದರೂ ಆಕೆ ಬದಲಾಗಿಲ್ಲ, ಅದೇ ಮಹಡಿ, ಅದೇ ಮಾಪು. ಏಜೆನ್ಸಿ ಬದಲಾದಾಗಲೆಲ್ಲ ಕಾಗದದಲ್ಲಿ ಆಕೆ ಹೊಸದಾಗಿ ಸೇರುತ್ತಾರೆ. ಗ್ರಾಚ್ಯುಟಿಗೆ ಸತತ ಐದು ವರ್ಷ ಬೇಕು ಅನ್ನುತ್ತಿತ್ತು 1972ರ ಕಾಯ್ದೆ. ಆಕೆಯ ಕೈಯಲ್ಲಿ ಮಾಪು ಹಿಡಿದ ವರ್ಷಗಳಿವೆ, ಸತತ ಅನ್ನುವುದು ಮಾತ್ರ ಇಲ್ಲ. ಮಾರ್ಚ್ 8ರಂದು ಆಕೆಗೂ ಗುಲಾಬಿ ಸಿಗುತ್ತದೆ ಅಂತ ಎಚ್ಚಾರ್ ಮೇಡಂ ಹೇಳಿದರು. ಸಂಜೆ ಉಳಿದ ಗುಲಾಬಿಗಳನ್ನು ಗುಡಿಸಿ ಚೀಲಕ್ಕೆ ತುಂಬುವವರೂ ಆಕೆಯೇ. ಸಿಕ್ಕಂತೆಯೇ ಆಯಿತು.

ಹೆಣ್ಣು ನಾಯಕತ್ವದ ಪಾಠಕ್ಕೆ ಈ ಊರಲ್ಲಿ ಸಾಮಗ್ರಿ ಇಲ್ಲದೇ ಇಲ್ಲ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿತು: ಕೆಲಸ ಬಿಟ್ಟವರು ತಮ್ಮ ಪಾಲಿನ ದುಡ್ಡು ತೆಗೆಯಬಹುದು, ಮಾಲೀಕರ ಪಾಲು 58 ವರ್ಷ ತುಂಬುವವರೆಗೆ ಸಿಗುವುದಿಲ್ಲ. ಹೊಲಿಗೆ ಯಂತ್ರದ ಮುಂದೆ 58ರವರೆಗೆ ಕೂರುವ ಹೆಂಗಸು ಎಲ್ಲಿ ಸಿಗುತ್ತಾಳೆ? ಸೊಂಟ ಅಷ್ಟು ದಿನ ಬಾಳುವುದಿಲ್ಲ. ಮಗಳ ಮದುವೆ, ಕೈಸಾಲ, ಊರಲ್ಲೊಂದು ಚಾವಣಿ, ಎಲ್ಲಕ್ಕೂ ಆ ಪಿಎಫ್ಫೇ ಗತಿ. ಏಪ್ರಿಲ್ 18ರಂದು ಗಾರ್ಮೆಂಟ್ಸ್ ಹೆಂಗಸರು ಲೈನ್ ಬಿಟ್ಟೆದ್ದು ಹೊಸೂರು ರಸ್ತೆಗೆ ಬಂದು ಕೂತರು. ಯೂನಿಯನ್ ಕರೆ ಕೊಟ್ಟಿರಲಿಲ್ಲ, ವೇದಿಕೆ ಇರಲಿಲ್ಲ. ಒಂದು ಕಾರ್ಖಾನೆಯ ಗೇಟಿನಿಂದ ಇನ್ನೊಂದಕ್ಕೆ ಮಾತು ಹರಡಿತು, ಅಷ್ಟೇ. ಮರುದಿನ ತುಮಕೂರು ರಸ್ತೆಯೂ ನಿಂತಿತು. ಲಾಠಿ ಬೀಸಿತು, ಅಶ್ರುವಾಯು ಬಂತು, ಬಸ್ಸುಗಳಿಗೆ ಬೆಂಕಿ ಬಿತ್ತು. ಟಿವಿಯವರು ಟ್ರಾಫಿಕ್ ಜಾಮಿನ ಬಗ್ಗೆ ಬಹಳ ಮರುಗಿದರು. ಏಪ್ರಿಲ್ 19ರ ಸಂಜೆಯೊಳಗೆ ದೆಹಲಿಯಲ್ಲಿ ಕಾರ್ಮಿಕ ಮಂತ್ರಿ ಬಂಡಾರು ದತ್ತಾತ್ರೇಯ ನಿಯಮವನ್ನು ವಾಪಸು ಪಡೆದದ್ದಾಗಿ ಹೇಳಿದರು.

ನಾಯಕತ್ವ ಶಿಬಿರದ ಸ್ಲೈಡುಗಳಲ್ಲಿ ಬಾತುಕೋಳಿಗಳು ಸಾಲಾಗಿ ಹಾರುವ ಚಿತ್ರ ಇರುತ್ತದೆ, ನೀರ್ಗಲ್ಲು ಮುಳುಗಿರುವ ಚಿತ್ರ ಇರುತ್ತದೆ. ಈ ಎರಡು ದಿನಗಳ ಚಿತ್ರ ನನಗೆ ಇನ್ನೂ ಕಂಡಿಲ್ಲ. ಕೋಚ್‌ಗಳ ತೊಂದರೆಯೂ ಅರ್ಥವಾಗುತ್ತದೆ. ಮಾತಾಡಿಸಬೇಕಾದ ನಾಯಕಿ ಯಾರು ಅಂತ ಪೊಲೀಸರೇ ರಸ್ತೆಯಲ್ಲಿ ಹುಡುಕಿ ಸುಸ್ತಾಗಿದ್ದರು. ಸಿಕ್ಕಿದ್ದರೆ ಆಕೆಯನ್ನೂ ಸಕಲೇಶಪುರಕ್ಕೆ ಕರೆದೊಯ್ದು ಸುಣ್ಣದ ಗೆರೆಯ ಮೇಲೆ ನಿಲ್ಲಿಸಿ, ಎಕ್ಸಿಕ್ಯುಟಿವ್ ಪ್ರೆಸೆನ್ಸ್ ಸಾಲದು ಅಂತ ಬರೆದು ಕಳಿಸುತ್ತಿದ್ದರು.